ಮಧ್ಯಾಹ್ನದ ಪಾಳಿ ಕೋಕೋದ್ದು

ನಮ್ಮ ಸೇಂಟ್ ಒದಿಲ್ ದ್ವೀಪದಲ್ಲಿ ಚಪ್ಪಟೆ ನೆಲ ಅಂತ ಇರುವುದು ಒಂದೇ ಒಂದು ಕಡೆ. ಉಳಿದದ್ದೆಲ್ಲ ಒಂದೋ ಏರು, ಇಲ್ಲವೇ ಇಳಿಜಾರು. ಅಂಗಳದಲ್ಲಿ ಕುರ್ಚಿ ಹಾಕಬೇಕಾದರೆ ಅದರ ಒಂದು ಕಾಲಿನ ಕೆಳಗೆ ಕಲ್ಲು ಕೊಡಬೇಕು. ಕೈಯಿಂದ ನಿಂಬೆಹಣ್ಣು ಜಾರಿದರೆ ಅದನ್ನು ಹುಡುಕಿಕೊಂಡು ಸಮುದ್ರದವರೆಗೂ ಇಳಿಯಬೇಕು. ಇಳಿದವನು ಅಲ್ಲೇ ಯಾರ ಜೊತೆಗೋ ಡಾಮಿನೋ ಆಡಲು ಕೂತು, ನಿಂಬೆಹಣ್ಣನ್ನು ಮರೆತು ಬರುತ್ತಾನೆ.

ಆ ಒಂದು ಚಪ್ಪಟೆ ನೆಲ ನಮ್ಮ ಮೋರ್ನ್ ಕಬ್ರಿ ಊರಿನ ಕೆಳಗಿದೆ. ಅಜ್ಜಂದಿರ ಕಾಲದಲ್ಲಿ ಅದು ಕೋಕೋ ಒಣಗಿಸುವ ಕಣವಾಗಿತ್ತು. ಆಮೇಲೆ ಸರ್ಕಾರದವರು ಬಂದು, ವಿಮಾನಕ್ಕೂ ಚಪ್ಪಟೆ ನೆಲವೇ ಬೇಕು ಅಂದರು. ಆಗಿನ ಮಂತ್ರಿ ರಮ್ ಪೀಪಾಯಿಯ ಮೇಲೆ ಹತ್ತಿ ನಿಂತು ಮಾತು ಕೊಟ್ಟನಂತೆ: "ವಿಮಾನ ಬೆಳಗ್ಗೆ ಒಂದ್ಸಲ ಬರುತ್ತೆ, ಸಂಜೆ ಒಂದ್ಸಲ ಬರುತ್ತೆ. ನಡುವಿನ ಹೊತ್ತು ನಿಮ್ಮ ಕೋಕೋಗೆ. ನಾನಿದ್ದೀನಲ್ಲ!" ಆತ ಈಗ ಇಲ್ಲ. ಪೀಪಾಯಿಯೂ ಇಲ್ಲ. ಮಾತು ಮಾತ್ರ ಉಳಿದಿತ್ತು.

ಹಾಗಾಗಿ ಬೆಳಗಿನ ಪುಟ್ಟ ವಿಮಾನ ರಾಜಧಾನಿಯ ದ್ವೀಪದಿಂದ ಬಂದು, ಟಪಾಲು ಇಳಿಸಿ, ಕೋಳಿಮರಿಗಳ ಡಬ್ಬ ಇಳಿಸಿ ಹಾರಿಹೋದ ಮೇಲೆ ನಾವು ರನ್‌ವೇಗೆ ಇಳಿಯುತ್ತೇವೆ. ಗೋಣಿಯ ಚಾಪೆಗಳನ್ನು ಉದ್ದಕ್ಕೂ ಬಿಚ್ಚುತ್ತೇವೆ. ಬಾಳೆಲೆ ಮುಚ್ಚಿ ಪೆಟ್ಟಿಗೆಯಲ್ಲಿ ಹುಳಿ ಬರಿಸಿದ ಬೀಜವನ್ನು ಅದರ ಮೇಲೆ ಹರಡುತ್ತೇವೆ. ಸೂರ್ಯ ನೆತ್ತಿಗೆ ಬಂದಾಗ ಕುಣಿತ. ಚಪ್ಪಲಿ ಬಿಟ್ಟು, ಸಾಲಾಗಿ ನಿಂತು, ಬೀಜದ ಮೇಲೆ ಪಾದ ಎತ್ತದೆ ಎಳೆಯುತ್ತ ಹೋಗಬೇಕು, ಹೋಗಿ ತಿರುಗಿ ಬರಬೇಕು. ಹಾಗೆ ಮಾಡಿದರೆ ಬೀಜ ಮಗುಚಿಕೊಂಡು ಎಲ್ಲ ಕಡೆ ಒಣಗುತ್ತದೆ, ಅಂಟು ಬಿಟ್ಟು ಹೊಳಪು ಬರುತ್ತದೆ. ಮಾಡದಿದ್ದರೆ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕೋಕೋವನ್ನು ಯಾರೂ ಕೊಳ್ಳುವುದಿಲ್ಲ, ನಮ್ಮ ಊರಿನಲ್ಲಿ ಕೋಕೋ ಬಿಟ್ಟರೆ ಮಾರುವುದಕ್ಕೆ ಇರುವುದು ಮೇಕೆ ಮಾತ್ರ, ಅವು ಸಹ ಎಲ್ಲರ ಹತ್ತಿರವೂ ಇವೆ.

ಕುಣಿತದ ಮೊದಲ ಹೆಜ್ಜೆ ಊರಿನ ಹಿರಿಯ ಹೆಂಗಸಿನದು. ಅದು ಬಲಗಾಲಿನ ಹೆಜ್ಜೆ. ಅವಳು ಇಡುವ ತನಕ ಬೇರೆ ಯಾರೂ ಬೀಜಕ್ಕೆ ಕಾಲು ತಾಗಿಸುವಂತಿಲ್ಲ. ಹಿಂದೆ ಒಬ್ಬ ಕುಡಿದ ಅಮಲಿನಲ್ಲಿ ಮೊದಲೇ ಹಾರಿ ಕುಣಿದನಂತೆ. ಆ ಸಲದ ಕೋಕೋ ಪೂರ್ತಿ ಕೆಟ್ಟು, ಅವನ ಮನೆಯ ತಗಡು ಹಾರಿ ಪಕ್ಕದೂರಿನ ಚರ್ಚಿನ ಮೇಲೆ ಹೋಗಿ ಕೂತಿತಂತೆ. ಆ ಚರ್ಚು ಈಗಲೂ ಸೋರುವುದಿಲ್ಲ.

ನಮ್ಮ ಈಗಿನ ಹಿರಿಯಳು ಕ್ಲೋತಿಲ್ಡ್. ಊರೆಲ್ಲ ಅವಳನ್ನು ತಾಂತಿ ಅಂತ ಕರೆಯುತ್ತದೆ, ಅಂದರೆ ಅತ್ತೆ. ಅವಳಿಗಿಂತ ನಾಲ್ಕು ವಾರಕ್ಕೆ ಚಿಕ್ಕವಳಾದ ಮಾ ಸಿಡೋನಿ ಒಬ್ಬಳನ್ನು ಬಿಟ್ಟು. ಮಾ ಸಿಡೋನಿ ಅವಳನ್ನು "ಆ ಮುದುಕಿ" ಅನ್ನುತ್ತಾಳೆ.

ನನ್ನ ಹೆಂಡತಿ ಯುಡೋರಾ ರನ್‌ವೇ ಪಕ್ಕದ ಹಲಗೆ ಕೋಣೆಯಲ್ಲಿ ರೇಡಿಯೋ ಹಿಡಿದು ಕೂತು ವಿಮಾನಗಳನ್ನು ಇಳಿಸುತ್ತಾಳೆ. ಅವಳದು ಒಂದೇ ಹಟ. ಯಾರೇ ಆಗಲಿ, ಮೊದಲು ಗುಡ್ ಮಾರ್ನಿಂಗ್ ಹೇಳಬೇಕು. ನಮ್ಮಲ್ಲಿ ಅಂಗಡಿಗೆ ಹೋದವನೂ ಅದನ್ನು ಹೇಳಿದ ಮೇಲೆಯೇ ಉಪ್ಪು ಕೇಳುತ್ತಾನೆ. ಒಮ್ಮೆ ಹೊಸ ಪೈಲಟ್ ಒಬ್ಬ ಮೇಲಿನಿಂದ ಬರೀ ಗಾಳಿ ಎಷ್ಟು, ಮೋಡ ಎಷ್ಟು ಅಂತ ಕೇಳುತ್ತಲೇ ಇದ್ದ. ಇವಳು ಉತ್ತರವನ್ನೇ ಕೊಡಲಿಲ್ಲ. ಅವನು ಮೂರು ಸುತ್ತು ಹೊಡೆದು, ರೇಡಿಯೋ ಕೆಟ್ಟಿದೆ ಅಂದುಕೊಂಡು ವಾಪಸ್ಸು ಹೋದ.

"ಕೆಟ್ಟಿದ್ದು ರೇಡಿಯೋ ಅಲ್ಲ, ಅವನ್ನ ಬೆಳೆಸಿದ ರೀತಿ," ಅಂದಳು ಯುಡೋರಾ.

ಇಷ್ಟು ನೆಮ್ಮದಿಯಾಗಿದ್ದ ಜಾಗಕ್ಕೆ ಸರ್ಕಾರದವರು ಮತ್ತೆ ಬಂದರು. ರನ್‌ವೇ ಉದ್ದ ಮಾಡಿದರು. ಇನ್ನು ಮೇಲೆ ಹೊರದೇಶದಿಂದ ನೇರವಾಗಿ ದೊಡ್ಡ ವಿಮಾನ ಬರುತ್ತದೆ, ಪ್ರವಾಸಿಗರು ಬರುತ್ತಾರೆ ಅಂತ ಸಾರಿದರು. ಬರಲು ಎರಡು ಕಂಪನಿಗಳು ತಯಾರಾದವು. ಅವುಗಳ ಹೆಸರು ಉದ್ದ. ನಮಗೆ ನೆನಪಿರುವುದು ವಿಮಾನದ ಬಾಲಕ್ಕೆ ಬಳಿದ ಚಿತ್ರ. ಒಂದಕ್ಕೆ ಆಮೆ, ಇನ್ನೊಂದಕ್ಕೆ ಗಿಳಿ. ಹಾಗಾಗಿ ಆಮೆ ಕಂಪನಿ, ಗಿಳಿ ಕಂಪನಿ.

ತೊಂದರೆ ಏನೆಂದರೆ, ದೊಡ್ಡ ವಿಮಾನಕ್ಕೆ ನಮ್ಮಲ್ಲಿ ಹೊತ್ತೇ ಇಲ್ಲ. ಬೆಳಿಗ್ಗೆ ಬೆಟ್ಟದ ಮಂಜು ಇಳಿದಿರುತ್ತದೆ. ಮಧ್ಯಾಹ್ನ ಕಳೆದರೆ ಅಡ್ಡಗಾಳಿ. ಕತ್ತಲಾದ ಮೇಲೆ ದೀಪವಿಲ್ಲ. ಉಳಿಯುವುದು ಸೂರ್ಯ ನೆತ್ತಿಯ ಮೇಲಿರುವ ಹೊತ್ತೊಂದೇ. ನಿಲ್ಲಿಸುವ ಜಾಗವೂ ಒಂದೇ ವಿಮಾನಕ್ಕೆ ಸಾಕಾಗುವಷ್ಟು. ಆಮೆಗೂ ಅದೇ ಹೊತ್ತು ಬೇಕು, ಗಿಳಿಗೂ ಅದೇ ಬೇಕು. ಎರಡೂ ಕಂಪನಿಯವರು ಒಪ್ಪಿದ ಮಾತು ಒಂದೇ: ಕೋಕೋ ಎತ್ತಬೇಕು, ಒಂದು ದಿನಕ್ಕಲ್ಲ, ಎಂದೆಂದಿಗೂ.

ತೀರ್ಮಾನಕ್ಕೆ ಚರ್ಚಿನ ಹಾಲ್‌ನಲ್ಲಿ ಸಭೆ ಸೇರಿತು. ವಿಮಾನಗಳಿಗೆ ಇಳಿಯುವ ಪಾಳಿ ಹಂಚುವ ಅಧಿಕಾರಿ ಮಿಸ್ ವಿನಿಫ್ರೆಡ್ ಕ್ಯಾಟೋ ರಾಜಧಾನಿಯಿಂದ ಬಂದಿದ್ದಳು. ಬಾಗಿಲಲ್ಲೇ ನಿಂತು ಎಲ್ಲರಿಗೂ ಗುಡ್ ಆಫ್ಟರ್‌ನೂನ್ ಹೇಳಿದಳು. ಹಿಂದಿನ ಸಾಲಿನವರೆಲ್ಲ ತಲೆದೂಗಿದರು. ಆಮೆ ಕಂಪನಿಯಿಂದ ಪಿಲ್‌ಗ್ರಿಮ್ ಅನ್ನುವ ದಪ್ಪನೆಯ ಮನುಷ್ಯ, ಗಿಳಿ ಕಂಪನಿಯಿಂದ ಬೆಲ್ಮಾರ್ ಅನ್ನುವ ತೆಳ್ಳನೆಯ ಮನುಷ್ಯ ಬಂದಿದ್ದರು. ಅವರು ಏನೂ ಹೇಳದೆ ಕೂತರು. ಇಡೀ ಹಾಲ್ ಬೆನ್ನು ತಿರುಗಿಸಿತು.

"ನಿಯಮ ಸರಳವಾಗಿದೆ," ಅಂದಳು ಮಿಸ್ ಕ್ಯಾಟೋ. "ಯಾರು ಒಂದು ಪಾಳೀನ ಮೊದಲಿಂದ ಬಳಸ್ಕೊಂಡು ಬಂದಿದಾರೋ ಅದು ಅವರದ್ದೇ. ಆದರೆ ಐದು ಸಲಕ್ಕೆ ನಾಲ್ಕು ಸಲನಾದ್ರೂ ಬಳಸಲೇಬೇಕು. ಬಳಸದೇ ಇದ್ರೆ ಕಿತ್ಕೊಂಡು ಬೇರೆಯವರಿಗೆ ಕೊಡ್ತೀವಿ. ನಿಮ್ಮಿಬ್ಬರಲ್ಲಿ ಮೊದಲು ಬಳಸಿದ್ದು ಯಾರು?"

ಪಿಲ್‌ಗ್ರಿಮ್ ಎದ್ದ. "ನಾವು ಮೇಡಂ. ಹೋದ ಕಾರ್ನಿವಲ್‌ಗೆ ಬ್ಯಾಂಡಿನವರನ್ನ ಕರ್ಕೊಂಡು ನಮ್ಮ ವಿಮಾನ ಇಲ್ಲಿ ಇಳಿದಿದೆ."

"ಅದಕ್ಕೂ ಮುಂಚೆ ನಾವು ಇಳಿದಿದೀವಿ," ಅಂದ ಬೆಲ್ಮಾರ್.

"ಇಳಿದಿದ್ದಲ್ಲ ಅದು! ನಿಮ್ಮ ಪೈಲಟ್‌ಗೆ ಹೊಟ್ಟೆ ಕೆಟ್ಟಿತ್ತು!"

"ಹೊಟ್ಟೆ ಕೆಟ್ಟು ಇಳಿದ್ರೂ ಇಳಿದ ಹಾಗೇ. ಚಕ್ರ ನೆಲಕ್ಕೆ ತಾಗಿದೆ."

"ವಿಮಾನದ ಮೇಲೆ ಆಮೆ ಬರೆಸಿದೀರಲ್ಲಪ್ಪ," ಅಂತ ಹಿಂದಿನಿಂದ ಮಾ ಸಿಡೋನಿ ಕೂಗಿದಳು, "ಅದು ಕಾರ್ನಿವಲ್‌ಗೆ ಹೊರಟು ಈಸ್ಟರ್‌ಗಾದ್ರೂ ತಲುಪ್ತಾ?"

ನಗು ನಿಲ್ಲುವುದಕ್ಕೆ ಕಾದು ತಾಂತಿ ಕ್ಲೋತಿಲ್ಡ್ ಎದ್ದು ನಿಂತಳು. ಭಾನುವಾರದ ಟೋಪಿ ಹಾಕಿದ್ದಳು. "ಗುಡ್ ಆಫ್ಟರ್‌ನೂನ್," ಅಂದಳು. ಇಡೀ ಹಾಲ್ ತಿರುಗಿ ಹೇಳಿತು. "ನಂದೊಂದು ಪ್ರಶ್ನೆ ಮಗಾ. ಆ ಹೊತ್ತನ್ನ ನಮ್ಮಮ್ಮ ಬಳಸ್ತಿದ್ಲು. ಈಗ ನಾನು ಬಳಸ್ತಿದೀನಿ. ಮೊದಲು ಬಂದೋರು ಯಾರು, ನಾವಾ, ಇವರ ಹೊಟ್ಟೆನೋವಾ?"

"ತಾಂತಿ, ಇದು ವಿಮಾನಗಳ ವಿಷಯ," ಅಂತ ಬೆಲ್ಮಾರ್ ನಕ್ಕ.

ಮಿಸ್ ಕ್ಯಾಟೋ ನಗಲಿಲ್ಲ. ಅವಳು ನಗುವ ಜಾತಿಯವಳೇ ಅಲ್ಲ. ಕಣ್ಣು ಮುಚ್ಚಿ ಬಹಳ ಹೊತ್ತು ಕೂತಳು. ಮಲಗಿಬಿಟ್ಟಳೇನೋ ಅಂತ ನಾವು ನೋಡುತ್ತಿದ್ದೆವು. ಆಮೇಲೆ ಕಣ್ಣು ತೆರೆದು, "ನಿಯಮದಲ್ಲಿ 'ಬಳಸುವವರು' ಅಂತ ಮಾತ್ರ ಇದೆ," ಅಂದಳು. "ಬಳಸುವವರಿಗೆ ರೆಕ್ಕೆ ಇರ್ಬೇಕು ಅಂತ ಎಲ್ಲೂ ಇಲ್ಲ."

ಹಾಲ್‌ನಲ್ಲಿ ಎದ್ದ ಗದ್ದಲಕ್ಕೆ ಚರ್ಚಿನ ಗಂಟೆ ತಾನಾಗಿಯೇ ಒಮ್ಮೆ ಅಲುಗಿತು ಅಂತ ಕೆಲವರು ಹೇಳುತ್ತಾರೆ. ನನಗೆ ಕೇಳಿಸಲಿಲ್ಲ.

ಆದರೆ ಮಿಸ್ ಕ್ಯಾಟೋ ಕೈಯೆತ್ತಿದಳು. "ಕುಣಿಯಬೇಡಿ ಈಗಲೇ. ಅದೇ ನಿಯಮ ನಿಮಗೂ. ಮಳೆಗಾಲ ಮುಗಿದ ಮೇಲೆ ನಾನೇ ಬಂದು ನೋಡ್ತೀನಿ. ಅಲ್ಲಿಯವರೆಗೆ ಐದರಲ್ಲಿ ನಾಲ್ಕು ಮಧ್ಯಾಹ್ನ ಅಲ್ಲಿ ಕೋಕೋ ಕುಣಿತ ನಡೆದಿರ್ಬೇಕು. ಕಡಿಮೆ ಆಯ್ತೋ, ಪಾಳಿ ಹೋಯ್ತು."

ಪಿಲ್‌ಗ್ರಿಮ್, ಬೆಲ್ಮಾರ್ ಇಬ್ಬರ ಮುಖವೂ ಅರಳಿತು. ಮಳೆಗಾಲದಲ್ಲಿ ಕೋಕೋ ಒಣಗಿಸುವವನು ಹುಚ್ಚ. ಅದಕ್ಕಿಂತ ಹೆಚ್ಚಾಗಿ, ಮಳೆಗಾಲದಲ್ಲಿ ಮರದಲ್ಲಿ ಕಾಯಿಯೇ ಇರುವುದಿಲ್ಲ.

"ಒಣಗಿಸೋಕ್ಕೇನೂ ಇಲ್ವಲ್ಲ ತಾಂತಿ," ಅಂದೆ ನಾನು ಮನೆಗೆ ಏರುವಾಗ.

"ಅವಳು ಒಣಗಿಸಿ ಅಂದ್ಲಾ? ಕುಣೀರಿ ಅಂದ್ಲು," ಅಂದಳು ತಾಂತಿ.

ಹೀಗೆ ನಮ್ಮ ಮಳೆಗಾಲ ಶುರುವಾಯಿತು. ತಾಂತಿ ಹಳೆಯ ಬೆಳೆಯ ಒಂದು ಚೀಲ ಬೀಜವನ್ನು ಮಂಚದ ಕೆಳಗೆ ಇಟ್ಟಿದ್ದಳು. ದಿನಾ ಮಧ್ಯಾಹ್ನ ಅದನ್ನೇ ತಂದು ಒಂದು ಚಾಪೆಯ ಮೇಲೆ ಸುರಿದು, ಅದರ ಮೇಲೆ ಇಡೀ ಊರು ಕುಣಿಯುವುದು; ಆಮೇಲೆ ಮತ್ತೆ ಚೀಲಕ್ಕೆ ತುಂಬುವುದು. ಚಾಪೆ ಚಿಕ್ಕದು, ಊರು ದೊಡ್ಡದು. ಚಾಪೆಯ ಮೇಲೆ ಕಾಲಿಡಲು ಪಾಳಿ ಹಚ್ಚಬೇಕಾಯಿತು. ಸಣ್ಣ ಮಳೆ ಬಂದರೆ ಚಾಪೆಯ ನಾಲ್ಕು ಮೂಲೆಗೆ ನಾಲ್ಕು ಜನ ಟಾರ್ಪಾಲು ಎತ್ತಿ ಹಿಡಿದು, ಅವರೂ ಕುಣಿಯುತ್ತ ಜೊತೆಗೆ ಸರಿಯುವುದು. ಆ ಬೀಜಗಳು ಹೊಳೆದು ಹೊಳೆದು, ಬಗ್ಗಿ ನೋಡಿದರೆ ಮುಖ ಕಾಣುವಂತಾದವು. ಕೆಲವು ನಮಗೆ ಗುರುತು ಹತ್ತಿದವು. "ಇವತ್ತು ಆ ಸೀಳುತುಟಿಯವನು ನನ್ನ ಹಿಮ್ಮಡಿಗೆ ಸಿಕ್ಕಿದ್ದ," ಅಂತ ಜನ ಮಾತಾಡಿಕೊಳ್ಳುತ್ತಿದ್ದರು.

ನಾವು ಕುಣಿತ ತಪ್ಪಿಸುವ ಮಧ್ಯಾಹ್ನಗಳ ಲೆಕ್ಕ ಇಡಲು ಕಂಪನಿಯವರು ಪಿಲ್‌ಗ್ರಿಮ್‌ನನ್ನೂ ಬೆಲ್ಮಾರ್‌ನನ್ನೂ ಊರಲ್ಲೇ ಬಿಟ್ಟರು. ರನ್‌ವೇ ಅಂಚಿನಲ್ಲಿ ಒಂದು ಕಾಡುಬಾದಾಮಿ ಮರ. ಅದರ ಕೆಳಗೆ ಮಧ್ಯಾಹ್ನದ ಹೊತ್ತು ಒಂದು ಕುರ್ಚಿಗೆ ಸಾಲುವಷ್ಟೇ ನೆರಳು. ಮೊದಲ ದಿನವೇ ಇಬ್ಬರೂ ಕುರ್ಚಿ ಹಿಡಿದುಕೊಂಡು ಬಂದು ಒಬ್ಬರನ್ನೊಬ್ಬರು ತಳ್ಳಿದರು.

"ನಾನು ಮೊದಲು ಬಂದೆ."

"ನನ್ನ ಕುರ್ಚಿ ಮೊದಲು ಬಂತು. ನೆಲಕ್ಕೆ ತಾಗಿದ್ದು ಅದೇ."

ತಾಂತಿ ಚಾಪೆಯಿಂದಲೇ ಕೂಗಿದಳು, "ಏಯ್, ಒಂದಿನ ಅವನು, ಒಂದಿನ ನೀನು! ಬಿಸಿಲಲ್ಲಿ ಕೂರೋನಿಗೆ ನನ್ನ ಟೋಪಿ ಕೊಡ್ತೀನಿ."

ಅಂದಿನಿಂದ ಒಬ್ಬ ನೆರಳಿನಲ್ಲಿ, ಒಬ್ಬ ಕೃತಕ ಹೂಗಳ ಭಾನುವಾರದ ಟೋಪಿಯಲ್ಲಿ. ಊಟವನ್ನು ಊರಿನವರೇ ಕೊಡುತ್ತಿದ್ದೆವು. ಬಂದವರನ್ನು ಉಪವಾಸ ಕೂರಿಸಲು ನಮಗೆ ಬರುವುದಿಲ್ಲ. ಸುಟ್ಟ ಜೀಗುಜ್ಜೆ, ಉಪ್ಪುಮೀನು, ಕೆಸುವಿನ ಸೊಪ್ಪಿನ ಸಾರು. ಎರಡು ವಾರ ಕಳೆಯುವಷ್ಟರಲ್ಲಿ ಇಬ್ಬರೂ ದೂರದಿಂದಲೇ ಗುಡ್ ಆಫ್ಟರ್‌ನೂನ್ ಕೂಗುವುದು ಕಲಿತಿದ್ದರು, ಕೂಗದೆ ಇದ್ದರೆ ಸಾರಿನಲ್ಲಿ ಏಡಿ ಬರುತ್ತಿರಲಿಲ್ಲ. ಮಳೆಗಾಲ ಅರ್ಧ ಆಗುವ ವೇಳೆಗೆ ಪಿಲ್‌ಗ್ರಿಮ್‌ನ ಕಾಲು ಕುರ್ಚಿಯ ಕೆಳಗೆ ತಾನಾಗಿಯೇ ಎಳೆಯತೊಡಗಿತ್ತು.

"ಕಾಲು ನೋವಾ?" ಅಂತ ಬೆಲ್ಮಾರ್ ಕೇಳಿದ.

"ಜೋಮು," ಅಂದ ಪಿಲ್‌ಗ್ರಿಮ್.

ಆದರೂ ಅವರು ತಮ್ಮ ಕೆಲಸ ಮರೆಯಲಿಲ್ಲ. ಬಿರುಗಾಳಿ ಬಂದು ಯಾರೂ ಮನೆಯಿಂದ ಹೊರಬರಲಾಗದ ಮಧ್ಯಾಹ್ನಗಳು ಬಂದವು. ಆ ಮಧ್ಯಾಹ್ನಗಳಲ್ಲಿ ಇಬ್ಬರೂ ಕಿಟಕಿಯಲ್ಲಿ ನಿಂತು ನಗುತ್ತಿದ್ದರು. ಮಳೆಗಾಲದ ಕೊನೆಯ ಹೊತ್ತಿಗೆ ನಮಗೆ ತಪ್ಪಿಸಲು ಬಿಟ್ಟಿದ್ದ ಮಧ್ಯಾಹ್ನಗಳೆಲ್ಲ ಮುಗಿದುಹೋಗಿದ್ದವು. ಮಿಸ್ ಕ್ಯಾಟೋ ಬರುವ ದಿನವೇ ಕೊನೆಯ ಮಧ್ಯಾಹ್ನ. ಅದೊಂದು ತಪ್ಪಿದರೆ ಪಾಳಿ ಹೋಯಿತು, ಕಣ ಹೋಯಿತು.

ಅದರ ಹಿಂದಿನ ದಿನ ತಾಂತಿಗೆ ದವಡೆ ಹಲ್ಲಿನ ನೋವು ಎದ್ದುಕೊಂಡಿತು. ಕೆನ್ನೆ ಊದಿ ಜೀಗುಜ್ಜೆಯಾಯಿತು. ಲವಂಗ ಇಟ್ಟೆವು, ರಮ್ ಇಟ್ಟೆವು; ರಮ್ ಮಾತ್ರ ಒಳಗೆ ಹೋಯಿತು. ಕೊನೆಗೆ ಸಂಜೆಯ ವಿಮಾನಕ್ಕೆ ಹತ್ತಿಸಿ ರಾಜಧಾನಿಗೆ ಕಳಿಸಿದೆವು. "ಬೆಳಗಿನ ವಿಮಾನಕ್ಕೆ ಬಂದ್ಬಿಡ್ತೀನಿ. ಬೀಜ ಹರಡಿಟ್ಟಿರಿ," ಅಂದು ಹೋದಳು.

ಮರುದಿನ ಬೆಳಗಿನ ವಿಮಾನ ಬರಲಿಲ್ಲ. ರಾಜಧಾನಿಯ ಮೇಲೆ ಗುಡುಗು ಕೂತಿದೆ, ಎದ್ದ ಮೇಲೆ ಹೊರಡುತ್ತೇವೆ ಅಂತ ಯುಡೋರಾಗೆ ಸುದ್ದಿ ಬಂತು. ಇಲ್ಲಿ ಆಕಾಶ ತೊಳೆದಿಟ್ಟ ಹಾಗಿತ್ತು. ಹೊಸ ಬೆಳೆಯ ಮೊದಲ ಕಾಯಿಗಳು ಬಂದಿದ್ದರಿಂದ, ಒಂದೇ ಚಾಪೆ ಅಲ್ಲ, ಎಲ್ಲ ಚಾಪೆ ಹಾಸಿ ಅದರ ಮೇಲೆ ಹೊಸ ಬೀಜ ಹರಡಿ ಕಾದೆವು. ಸೂರ್ಯ ಏರಿದ. ಪೂರ್ವದಲ್ಲಿ ಒಂದು ಕಪ್ಪು ಮೋಡವೂ ಏರಿತು.

"ಮಾ ಸಿಡೋನಿ, ನೀನೇ ಮೊದಲ ಹೆಜ್ಜೆ ಇಟ್ಬಿಡು," ಅಂದೆವು.

ಜೀವಮಾನವಿಡೀ ಆ ಹೆಜ್ಜೆಗಾಗಿ ಹೊಟ್ಟೆಕಿಚ್ಚು ಪಟ್ಟವಳು ಅವಳು. ಆದರೂ ಎರಡು ಹೆಜ್ಜೆ ಹಿಂದೆ ಸರಿದಳು. "ಆ ಮುದುಕಿ ಬದುಕಿರೋವಾಗ ನಾನಿಡಲ್ಲ. ನಮ್ಮನೇದು ಹೊಸ ತಗಡು."

ಸೂರ್ಯ ನೆತ್ತಿಗೆ ಬಂದ ಹೊತ್ತಿಗೆ ಸರಿಯಾಗಿ ಆಕಾಶದಲ್ಲಿ ಗುಂಯ್ ಅಂತ ಸದ್ದಾಯಿತು. ಪುಟ್ಟ ವಿಮಾನ! ನಾವೆಲ್ಲ ಕೈಬೀಸಿ ಕಿರುಚಿದೆವು. ಯುಡೋರಾಳ ಕೋಣೆಯ ಹೊರಗೆ ಕಟ್ಟಿದ್ದ ಸ್ಪೀಕರಿನಲ್ಲಿ ಅದನ್ನು ಹಾರಿಸುವ ಕ್ಯಾಪ್ಟನ್ ಒಲಿವೇರ್‌ನ ದನಿ ಬಂತು.

"ಗುಡ್ ಮಾರ್ನಿಂಗ್ ಯುಡೋರಾ."

"ಮಾರ್ನಿಂಗ್ ಮುಗೀತು ಕ್ಯಾಪ್ಟನ್."

"ಹಾಗಾದ್ರೆ ಗುಡ್ ಆಫ್ಟರ್‌ನೂನ್. ಮನೇಲೆಲ್ಲ ಚೆನ್ನಾಗಿದಾರಾ?"

"ಚೆನ್ನಾಗಿದಾರೆ. ನಿಮ್ಮ ತಾಯೀದು ಮೊಣಕಾಲು?"

"ಪರವಾಗಿಲ್ಲ. ಇಳೀಲಾ?"

"ಇಳಿಯೋ ಹಾಗಿಲ್ಲ. ಕೋಕೋ ಪಾಳಿ," ಅಂದಳು ನನ್ನ ಹೆಂಡತಿ.

ಆಗ ನಮಗೆ ಅರ್ಥವಾಯಿತು. ರನ್‌ವೇ ತುಂಬ ನಮ್ಮ ಬೀಜ. ಅದನ್ನು ಎತ್ತಿ ವಿಮಾನ ಇಳಿಸಿದರೆ, ಮತ್ತೆ ಹರಡುವಷ್ಟರಲ್ಲಿ ಮಧ್ಯಾಹ್ನ ಕಳೆದು ಮಳೆಯೂ ಬಂದಿರುತ್ತದೆ. ಇಳಿಸದಿದ್ದರೆ ಮೊದಲ ಹೆಜ್ಜೆ ಇಡುವವಳು ಮೇಲೆಯೇ ಉಳಿಯುತ್ತಾಳೆ. ಮರದ ಕೆಳಗಿದ್ದವರಿಗೆ ಇದು ನಮಗಿಂತ ಮೊದಲೇ ಹೊಳೆದಿತ್ತು.

"ತಾಂತಿ ಇಳಿದ್ರೂ ಪಾಳಿ ಹೋಯ್ತು, ಇಳೀದಿದ್ರೂ ಹೋಯ್ತು!" ಅಂತ ಬೆಲ್ಮಾರ್ ಕುಣಿದು ಪಿಲ್‌ಗ್ರಿಮ್‌ನನ್ನು ತಬ್ಬಿಕೊಂಡ. ಟೋಪಿಯ ಹೂವು ಪಿಲ್‌ಗ್ರಿಮ್‌ನ ಮೂಗಿಗೆ ಹೋಯಿತು. ಅವನು ಸೀನಿ, "ಹೌದು, ಇನ್ನು ಪಾಳಿ ನಮ್ಮದು," ಅಂದ.

"ನಿಮ್ಮದು ಅಂದ್ರೆ?"

"ಆಮೇದು."

"ಹೊಟ್ಟೆ ಕೆಟ್ಟಿದ್ದು ನಮ್ಮ ಪೈಲಟ್‌ಗೆ ಕಣಯ್ಯ, ಮೊದಲು ನಾವು!"

ಅವರು ಮತ್ತೆ ಕುರ್ಚಿ ತಳ್ಳಾಡಲು ಶುರು ಮಾಡಿದರು. ಅಷ್ಟರಲ್ಲಿ ಸ್ಪೀಕರಿನಲ್ಲಿ ಕರಕರ ಅಂತ ಏನೋ ಎಳೆದಾಡಿದ ಸದ್ದು, "ಕೊಡೋ ಅದನ್ನ, ನಾನೇ ಮಾತಾಡ್ತೀನಿ" ಅನ್ನುವ ದನಿ ಬಂತು. ಕ್ಯಾಪ್ಟನ್‌ನ ತಲೆಯಿಂದ ತಾಂತಿ ಹೆಡ್‌ಫೋನನ್ನೇ ಕಿತ್ತುಕೊಂಡಿದ್ದಳು.

"ಗುಡ್ ಆಫ್ಟರ್‌ನೂನ್ ಎಲ್ಲಾರಿಗೂ!"

ರನ್‌ವೇ ಮೇಲಿದ್ದ ಇಡೀ ಊರು ತಲೆಯೆತ್ತಿ ಆಕಾಶಕ್ಕೆ ಗುಡ್ ಆಫ್ಟರ್‌ನೂನ್ ಹೇಳಿತು.

"ಕುಣಿತ ಶುರುವಾಯ್ತಾ?"

"ಇಲ್ಲ ತಾಂತಿ," ಅಂದಳು ಯುಡೋರಾ. "ಮೊದಲ ಹೆಜ್ಜೆ ಇಟ್ಟಿಲ್ಲ."

ತಾಂತಿ, "ಸಿಡೋನಿ ಇದಾಳಾ ಅಲ್ಲಿ?" ಅಂದಳು. ಮಾ ಸಿಡೋನಿಯನ್ನು ರೇಡಿಯೋ ಹತ್ತಿರ ತಳ್ಳಿದೆವು. ಎಷ್ಟೋ ಕಾಲದಿಂದ ಒಬ್ಬರೊಡನೊಬ್ಬರು ನೇರ ಮಾತಾಡದವರು.

"ಸಿಡೋನಿ, ಮೊದಲ ಹೆಜ್ಜೆ ಹೇಗಿಡಬೇಕು ಅಂತ ಹಿಂದಿನೋರು ಹೇಳಿದ್ದು?"

"ಬಲಗಾಲು. ಬರಿಗಾಲು. ಕಾಲ ಕೆಳಗೆ ಕೋಕೋ ಇರ್ಬೇಕು."

"ಅಷ್ಟೇನಾ?"

"ಅಷ್ಟೇ."

"ಈಗ ಕ್ಯಾಪ್ಟನ್ ಸರಿಯಾಗಿ ನಿಮ್ಮ ತಲೆ ಮೇಲೆ ಬಂದ್ರೆ, ನನ್ನ ಕಾಲ ಕೆಳಗೆ ಏನಿರುತ್ತೆ?"

ಮಾ ಸಿಡೋನಿ ಬಾಯಿ ತೆರೆದು ಆಕಾಶ ನೋಡಿದಳು, ಚಾಪೆ ನೋಡಿದಳು. ಅವಳ ತಗಡಿನ ಚಿಂತೆ ಅವಳ ಮುಖದಲ್ಲೇ ಕಾಣುತ್ತಿತ್ತು.

"ಕೋಕೋ," ಅಂದಳು ಕೊನೆಗೆ. "ಸ್ವಲ್ಪ ಕೆಳಗಿರುತ್ತೆ, ಅಷ್ಟೆ."

"ಮಿಸ್ ಕ್ಯಾಟೋ ನನ್ನ ಪಕ್ಕದಲ್ಲೇ ಕೂತಿದಾಳೆ," ಅಂದಳು ತಾಂತಿ. "ಏನಂತೀಯ ಮಗಾ?"

ಸ್ಪೀಕರಿನಲ್ಲಿ ಮಿಸ್ ಕ್ಯಾಟೋಳ ದನಿ ದೂರದಿಂದ ಬಂತು. "ಮೊದಲ ಹೆಜ್ಜೆ ಸಂಪ್ರದಾಯಕ್ಕೆ ಸೇರಿದ್ದು. ಅದು ನನ್ನ ಇಲಾಖೆಯದ್ದಲ್ಲ. ಕೆಳಗೆ ಕುಣಿತ ನಡೆಯುತ್ತಾ ಅಂತ ಮಾತ್ರ ನಾನು ನೋಡೋದು. ಕಿಟಕಿ ಸೀಟು ನನ್ನದೇ, ಚೆನ್ನಾಗಿ ಕಾಣಿಸ್ತಿದೆ."

"ಕ್ಯಾಪ್ಟನ್, ತಗ್ಗಿಸು!" ಅಂದಳು ತಾಂತಿ.

ವಿಮಾನ ಸಮುದ್ರದ ಕಡೆ ಹೋಗಿ ತಿರುಗಿತು. ತೆಂಗಿನ ಮರಗಳ ಮೇಲಿಂದ ಬಗ್ಗಿ ರನ್‌ವೇ ಉದ್ದಕ್ಕೆ ಬಂತು. ಮೇಕೆಗಳು ಹಗ್ಗ ಹರಿದುಕೊಂಡು ಓಡಿದವು. "ಇನ್ನೂ ಬಂದಿಲ್ಲ... ಇನ್ನೂ ಬಂದಿಲ್ಲ..." ಅಂತ ಕ್ಯಾಪ್ಟನ್ ಎಣಿಸುವಂತೆ ಹೇಳುತ್ತಿದ್ದ. ಅದರ ನೆರಳು ಮೊದಲ ಚಾಪೆಯನ್ನು ಮುಟ್ಟಿತು. "ಈಗ!" ಅಂದ.

ಸ್ಪೀಕರಿನಲ್ಲಿ ಧಡ್ ಅಂತ ಒಂದು ಸದ್ದು. ತಾಂತಿಯ ಬಲಗಾಲು.

ಕೆಳಗೆ ಇಡೀ ಊರಿನ ಬಲಗಾಲು ಬೀಜದ ಮೇಲೆ ಬಿತ್ತು. ಮಾ ಸಿಡೋನಿ ಮುಂದಿನ ಸಾಲಿನಲ್ಲಿದ್ದಳು. ಮೇಲಿನಿಂದ ತಾಂತಿ ಹಾಡು ಎತ್ತಿದಳು, ನಾವು ಸೊಲ್ಲು ತೆಗೆದುಕೊಂಡೆವು. ವಿಮಾನದಲ್ಲಿದ್ದ ಉಳಿದವರೂ ಎದ್ದರು ಅಂತ ಕಾಣುತ್ತದೆ. ರೆಕ್ಕೆಗಳು ಬಲಕ್ಕೊಮ್ಮೆ ಎಡಕ್ಕೊಮ್ಮೆ ವಾಲತೊಡಗಿದವು. "ಎಲ್ಲಾರೂ ಒಂದೇ ಕಡೆ ಕುಣೀಬೇಡ್ರಪ್ಪೋ!" ಅಂತ ಕ್ಯಾಪ್ಟನ್ ಕೂಗುವುದು ಹಾಡಿನ ನಡುವೆ ಕೇಳುತ್ತಿತ್ತು. "ಎಡಗಡೆಯೋರು ಬಲಕ್ಕೆ ಬನ್ನಿ! ಎಲ್ಲಾರೂ ಅಲ್ಲ!"

ಪೂರ್ವದ ಮೋಡ ಬೆಟ್ಟದ ತಲೆ ದಾಟಿತ್ತು. ಕುಣಿತದ ಸುತ್ತು ಮುಗಿಯುವ ಮೊದಲು ಮಳೆ ಬಂದರೆ ಹೊಸ ಬೀಜ ಹಾಳು. ನಾನು ಚಾಪೆ ಸುತ್ತುವವರ ಗುಂಪಿನವನು. ತಿರುಗಿ ನೋಡುತ್ತೇನೆ, ನನ್ನ ಎದುರು ಚಾಪೆಯ ಇನ್ನೊಂದು ಮೂಲೆ ಹಿಡಿದು ನಿಂತವನು ಪಿಲ್‌ಗ್ರಿಮ್. ಪ್ಯಾಂಟು ಮೊಣಕಾಲಿಗೆ ಮಡಚಿದ್ದ. ಅವನ ಹಿಂದೆ ಹೂವಿನ ಟೋಪಿ ಹಾಕಿಕೊಂಡು ಬೆಲ್ಮಾರ್ ಬೀಜದ ಮೇಲೆ ಪಾದ ಎಳೆಯುತ್ತಿದ್ದ.

"ನೀವ್ಯಾಕೆ ಬಂದ್ರಿ?" ಅಂದೆ.

"ಬೀಜ ನೆನೆಯುತ್ತಲ್ಲ!" ಅಂದ ಪಿಲ್‌ಗ್ರಿಮ್, ಅಷ್ಟೂ ತಿಳಿಯುವುದಿಲ್ಲವೇ ಅನ್ನುವ ಹಾಗೆ.

"ಇವನ ಕಾಲು ಜೋಮಲ್ಲ, ನಂಗೆ ಆವತ್ತೇ ಗೊತ್ತಿತ್ತು," ಅಂದ ಬೆಲ್ಮಾರ್.

ಕೊನೆಯ ಸುತ್ತು ಮುಗಿಯಿತು, ಚಾಪೆಗಳು ಉರುಳಿದವು, ಬೀಜ ತಗಡಿನ ಕೊಟ್ಟಿಗೆಗೆ ಸೇರಿತು. ತಾಂತಿಯ ದನಿ ಮತ್ತೆ ಬಂತು. "ಇದು ನನ್ನ ಪಾಳಿ. ನನ್ನ ಕೆಲಸ ಮುಗೀತು. ಕ್ಯಾಪ್ಟನ್, ಇನ್ನು ನೀನು ಇಳೀಬಹುದು. ಮೆಲ್ಲಗೆ ಇಳಿಸು, ಹಲ್ಲು ಕಿತ್ತ ಜಾಗ ನೋಯ್ತಿದೆ."

ವಿಮಾನದ ಚಕ್ರವೂ ಮೊದಲ ಮಳೆಹನಿಯೂ ಒಟ್ಟಿಗೇ ನೆಲಕ್ಕೆ ತಾಗಿದವು. ಮಿಸ್ ಕ್ಯಾಟೋ ಇಳಿದಾಗ ಅವಳ ಬೂಟುಗಳು ಅವಳ ಕೈಯಲ್ಲಿದ್ದವು. ಯಾಕೆ ಅಂತ ನಾವು ಕೇಳಲಿಲ್ಲ. ಅವಳು ಮಳೆಯಲ್ಲೇ ನಿಂತು, "ಪಾಳಿ ಬಳಕೆಯಾಗಿದೆ. ಮಧ್ಯಾಹ್ನದ ಹೊತ್ತು ಕೋಕೋದ್ದು," ಅಂದಳು. ಆಮೇಲೆ ಸಾರು ಇದೆಯೇ ಅಂತ ಕೇಳಿದಳು.

ಪಾಳಿ ತನ್ನದು ಅಂತ ಖಾತ್ರಿಯಾದ ಮೇಲೆ ತಾಂತಿ ಉದಾರಿಯಾದಳು. ಕೋಕೋ ಎತ್ತಿ ಅಂದಾಗ ಜಗ್ಗದವಳು, ಪಿಲ್‌ಗ್ರಿಮ್ ಮತ್ತು ಬೆಲ್ಮಾರ್ ಟೋಪಿ ಕೈಯಲ್ಲಿ ಹಿಡಿದು ಕೇಳಿಕೊಂಡಾಗ ಒಪ್ಪಿದಳು. ವಾರದಲ್ಲಿ ಒಂದು ದಿನ ಆಮೆ, ಒಂದು ದಿನ ಗಿಳಿ. ಆ ದಿನ ನಾವು ಚಾಪೆಯನ್ನು ತಡವಾಗಿ ಹಾಸುತ್ತೇವೆ. ವಿಮಾನ ಇಳಿದು ಮೂಲೆಯಲ್ಲಿ ನಿಂತ ಮೇಲೆ ಅದರ ಮೆಟ್ಟಿಲಿನಿಂದ ಪ್ರವಾಸಿಗರು ಹೊರಗೆ ಹೋಗುವ ಕಟ್ಟಡದವರೆಗೆ ಬೀಜ ಹರಡಿ ಕುಣಿತ. ಕುಣಿತ ಮುಗಿದು ಚಾಪೆ ಸುತ್ತುವವರೆಗೆ ಅದು ಹಾರುವಂತಿಲ್ಲ. ಪೈಲಟ್‌ಗಳು ಏನು ಹೇಳಿ ಮಾತು ಶುರು ಮಾಡಬೇಕು ಅನ್ನುವುದನ್ನು ಯುಡೋರಾ ಮೊದಲೇ ತಿಳಿಸಿದ್ದಳು.

ಗಿಳಿಯ ಮೊದಲ ವಿಮಾನ ಬಂದ ದಿನ ಪ್ರವಾಸಿಗರು ಮೆಟ್ಟಿಲಿಳಿದು ನಿಂತರು. ಎದುರಿಗೆ ಜನ ಚಪ್ಪಲಿ ಬಿಟ್ಟು, ಸಾಲಾಗಿ, ಪಾದ ಎಳೆಯುತ್ತ ಮೆಲ್ಲಗೆ ಮುಂದೆ ಹೋಗುತ್ತಿದ್ದರು. ಪ್ರವಾಸಿಗರಿಗೆ ಅದು ಹೊಸದೇನೂ ಅನ್ನಿಸಲಿಲ್ಲ. ಎಷ್ಟೋ ವಿಮಾನ ನಿಲ್ದಾಣ ನೋಡಿದವರು. ಯಾರೂ ಹೇಳದೆಯೇ ಬೂಟು ಬಿಚ್ಚಿದರು, ಬೆಲ್ಟು ಬಿಚ್ಚಿದರು, ಎರಡೂ ಕೈಯಲ್ಲಿ ಹಿಡಿದು ನಮ್ಮ ಹಿಂದೆ ಸಾಲು ಸೇರಿ ಪಾದ ಎಳೆಯತೊಡಗಿದರು. ನಾವು ಬೇಡ ಅನ್ನಲಿಲ್ಲ. ಅಷ್ಟು ಜನರ ಕಾಲು ನಮ್ಮ ಬೀಜಕ್ಕೆ ಯಾವತ್ತೂ ಸಿಕ್ಕಿರಲಿಲ್ಲ.

ಸಾಲಿನ ತುದಿ ತಲುಪಿದ ಕೆಂಪು ಮುಖದ ಒಬ್ಬ ದೊಡ್ಡ ಮನುಷ್ಯ ಪ್ಯಾಂಟು ಹಿಡಿದುಕೊಂಡು ತಾಂತಿಯನ್ನು ಕೇಳಿದ, "ನನ್ನ ತಪಾಸಣೆ ಮುಗೀತಾ?"

ತಾಂತಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಮೊದಲು ಗುಡ್ ಆಫ್ಟರ್‌ನೂನ್ ಹೇಳು," ಅಂದಳು. ಅವನು ಹೇಳಿದ. ಅವಳು ಅವನ ಪಾದಕ್ಕೆ ಕಣ್ಣು ಇಳಿಸಿದಳು.

"ಮುಗಿದಿಲ್ಲ ಮಗಾ. ಎಡಗಾಲು ಸರಿಯಾಗಿ ಎಳೀತಿಲ್ಲ ನೀನು. ಇನ್ನೊಂದು ಸುತ್ತು ಹೋಗಿ ಬಾ."